ಕೊಬ್ಬರಿಗೆ ರೇಟು ಬಂದಿರುವ ಈ ಹೊತ್ತಿನಲ್ಲಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಅರಸೀಕೆರೆ ಸೀಮೆಯ ತೆಂಗಿನ ತೋಟದ ಮನೆಯವರೆಲ್ಲರಿಗೆ,

ಈ ಪತ್ರ ಸರ್ಕಾರಕ್ಕೆ ಬರೆದದ್ದಲ್ಲ. ಅವರಿಗೆ ಬರೆಯಬೇಕಾದ್ದನ್ನೆಲ್ಲ 2023ರಲ್ಲೇ ಬರೆದು, ಕೂಗಿ, ರಸ್ತೆಗಿಳಿದು ಹೇಳಿದ್ದೇವೆ. ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಅಂತ ಕಾಗದದಲ್ಲಿತ್ತು. ತಿಪಟೂರು ಮಾರುಕಟ್ಟೆಯ ಟೆಂಡರಿನಲ್ಲಿ ರೇಟು ಒಂಬತ್ತು ಸಾವಿರಕ್ಕೂ ಕೆಳಗಿಳಿದಿತ್ತು. ಮರುವರ್ಷ ಬೆಂಬಲ ಬೆಲೆ 12,000 ಆಯಿತು, ಅದರ ಮೇಲೆ ರಾಜ್ಯದವರು 1,500 ಪ್ರೋತ್ಸಾಹಧನ ಸೇರಿಸಿದರು, ನೋಂದಣಿಗೆ ನಾವು ಸರದಿ ನಿಂತೆವು. ಆಮೇಲೆ 2025ರಲ್ಲಿ ಯಾರೂ ಕೇಳದೆಯೇ ರೇಟು ಎದ್ದು ಇಪ್ಪತ್ತು ಸಾವಿರ ದಾಟಿ ಮುಂದಕ್ಕೆ ಹೋಯಿತು. ಸರದಿ ನಿಂತಿದ್ದವರೆಲ್ಲ ಮನೆಗೆ ಬಂದೆವು. ಅಲ್ಲಿಂದೀಚೆಗೆ ನಮ್ಮ ಮಾತೆಲ್ಲ ಬದಲಾಗಿದೆ. ಮದುವೆ ಮನೆಯ ಪಂಕ್ತಿಯಲ್ಲಿ, ಡೈರಿ ಮುಂದೆ, ಬಸ್ಸಿನಲ್ಲಿ ಎಲ್ಲೆಲ್ಲೂ ಮೂರೇ ವಿಷಯ: ಹೊಸ ಬೋರು, ಅಡಿಕೆ ಸಸಿ, ಮನೆ ಮೇಲೆ ಇನ್ನೊಂದು ಮನೆ.

ನಾನೂ ನಿಮ್ಮಂತೆ ತೋಟದ ಮನೆಯವಳು. ಕಾಯಿ ಕೀಳಿಸುವುದು, ಅಟ್ಟಕ್ಕೆ ಏರಿಸುವುದು, ಸುಲಿಯುವವರಿಗೆ ಅಡುಗೆ ಮಾಡಿ ಹಾಕುವುದು, ಮಂಡಿಯ ಪಟ್ಟಿ ಡಬ್ಬದಲ್ಲಿಟ್ಟು ಲೆಕ್ಕ ಹೊಂದಿಸುವುದು ಇದರಲ್ಲೇ ವಯಸ್ಸು ಸವೆದಿದೆ. ಆ ಬಲದ ಮೇಲೆ ಒಂದು ಮಾತು ಹೇಳುತ್ತೇನೆ. ಮುಂದೆ ಬರಬಹುದಾದ ಕಷ್ಟಕ್ಕೆ ತಯಾರಿ ಮಾಡಿಕೊಳ್ಳಬೇಕಾದ ವರ್ಷ ಇದೇ. ರೇಟು ಬಿದ್ದ ವರ್ಷ ಯಾರೂ ತಯಾರಿ ಮಾಡಿಕೊಳ್ಳಲಾರರು. ಆ ವರ್ಷ ಉಸಿರು ಹಿಡಿದುಕೊಂಡಿದ್ದರೆ ಅದೇ ಹೆಚ್ಚು.

ಮೊದಲು ಈ ರೇಟು ಎಲ್ಲಿಂದ ಬಂತು ಅನ್ನುವುದನ್ನು ನೋಡೋಣ. ನಮ್ಮ ಉಂಡೆ ಕೊಬ್ಬರಿ ಹೋಗುವುದು ಉತ್ತರದ ಕಡೆಗೆ. ಅಲ್ಲಿಯವರ ಹಬ್ಬ, ಮದುವೆ, ಒಣಹಣ್ಣಿನ ತಟ್ಟೆ ಮೊದಲೂ ಇತ್ತು, ಈಗಲೂ ಇದೆ. ಅವರು ಇದ್ದಕ್ಕಿದ್ದಂತೆ ಎರಡು ಪಟ್ಟು ತಿನ್ನಲು ಶುರುಮಾಡಲಿಲ್ಲ. ಕಡಿಮೆಯಾದದ್ದು ನಮ್ಮ ಅಟ್ಟದ ಮೇಲಿನ ಕಾಯಿ. ಬರ, ಬಿಳಿ ನೊಣ, ಕಪ್ಪು ತಲೆ ಹುಳು, ರಸ ಸೋರುವ ರೋಗ, ಅಣಬೆ ರೋಗ ಎಲ್ಲ ಸೇರಿ ಮರಗಳು ಸೊರಗಿದವು. ಇದ್ದಬದ್ದ ಕಾಯನ್ನೂ ಅನೇಕರು ಎಳನೀರಿಗೆ ಕೊಯ್ಯಿಸಿದರು. ಲೆಕ್ಕಕ್ಕೆ ನೂರು ಮರದ ತೋಟ ಇಟ್ಟುಕೊಳ್ಳಿ. ಮರಕ್ಕೆ ವರ್ಷಕ್ಕೆ 80 ಕಾಯಿ ಬಿಡುತ್ತಿತ್ತು ಅಂದರೆ 8,000 ಕಾಯಿ. ಕ್ವಿಂಟಾಲಿಗೆ 800 ಕಾಯಿ ಬೇಕು ಅಂತ ಹಿಡಿದರೆ ಹತ್ತು ಕ್ವಿಂಟಾಲ್ ಕೊಬ್ಬರಿ. ಒಂಬತ್ತು ಸಾವಿರದ ರೇಟಿನಲ್ಲಿ 90,000 ರೂಪಾಯಿ. ಈಗ ಅದೇ ಮರ 40ಕ್ಕೆ ಇಳಿದಿದ್ದರೆ ಐದೇ ಕ್ವಿಂಟಾಲ್. ಇಪ್ಪತ್ತು ಸಾವಿರದ ರೇಟಿನಲ್ಲಿ ಒಂದು ಲಕ್ಷ. ಊರೆಲ್ಲ ಸಂಭ್ರಮ ಪಟ್ಟ ಏರಿಕೆಯಲ್ಲಿ ಆ ಮನೆಗೆ ಹೆಚ್ಚು ಸಿಕ್ಕಿದ್ದು ಹತ್ತು ಸಾವಿರ. ಕೀಳುವ ಕೂಲಿ, ಸುಲಿಯುವ ಕೂಲಿ ಏರಿರುವುದನ್ನು ಕಳೆದರೆ ಅದೂ ಉಳಿಯುವುದಿಲ್ಲ. ಅಟ್ಟದ ತುಂಬ ಕಾಯಿಟ್ಟುಕೊಂಡು ಕಾದವರು ಕೆಲವರಿದ್ದಾರೆ, ಅವರು ಗೆದ್ದರು. ಉಳಿದವರ ಮನೆಗೆ ಬಂದದ್ದು ರೇಟಿನ ಸುದ್ದಿ ಮಾತ್ರ.

ಅದಕ್ಕಿಂತ ಗಂಭೀರವಾದ ಲೆಕ್ಕ ಮರದ ಒಳಗಿದೆ. ನಮ್ಮಲ್ಲಿ ಹೆಚ್ಚಿನವರು ಅದನ್ನು ಕೂತು ಹಾಕಿ ನೋಡಿಲ್ಲ.

ಚೆನ್ನಾಗಿರುವ ಮರ ವರ್ಷಕ್ಕೆ ಹನ್ನೆರಡರಿಂದ ಹದಿನಾಲ್ಕು ಗರಿ ಬಿಡುತ್ತದೆ, ಗರಿಯ ಕಂಕುಳಿಗೊಂದು ಹೊಂಬಾಳೆ. ಆ ಹೊಂಬಾಳೆ ನಮ್ಮ ಕಣ್ಣಿಗೆ ಕಂಡು ಒಡೆಯುವುದಕ್ಕೆ ಸುಮಾರು 32 ತಿಂಗಳ ಮೊದಲೇ ಸುಳಿಯೊಳಗೆ ಅದರ ಮೊಳಕೆ ಕಟ್ಟಿರುತ್ತದೆ. ಒಡೆದ ಮೇಲೆ ಕಾಯಿ ಬಲಿಯುವುದಕ್ಕೆ ಇನ್ನೊಂದು ವರ್ಷ. ಹಸಿಕಾಯಿ ಮಾರುವವರ ಲೆಕ್ಕ ಅಲ್ಲಿಗೆ ಮುಗಿಯಿತು. ನಾವು ಕೊಬ್ಬರಿಯವರು, ಕಾಯಿ ಅಟ್ಟದ ಮೇಲೆ ಇನ್ನೂ ಎಂಟು ಹತ್ತು ತಿಂಗಳು ಕೂತು, ನೀರು ಇಂಗಿ, ಒಳಗಿನ ಗಿಟುಕು ಚಿಪ್ಪು ಬಿಟ್ಟು, ಅಲುಗಿಸಿದರೆ ಲೊಟಲೊಟ ಅನ್ನಬೇಕು. ಒಟ್ಟು ನಾಲ್ಕೂವರೆ ವರ್ಷ. ಇವತ್ತು ಮಂಡಿಗೆ ಹೋಗುವ ಕೊಬ್ಬರಿಯ ಹಣೆಬರಹ ಮರ ಬರೆದುಕೊಂಡದ್ದು ನಾಲ್ಕೂವರೆ ವರ್ಷದ ಕೆಳಗೆ.

ಈಗ 2023ಕ್ಕೆ ಹೋಗೋಣ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ ಅದು. ಆ ಮಳೆಗಾಲದಲ್ಲಿ ಒಡೆದಿದ್ದ ಹೊಂಬಾಳೆಗಳ ಹರಳು ಉದುರಿದವು. ಅದರ ಪರಿಣಾಮ 2024ರಲ್ಲಿ ಗೊನೆಯಲ್ಲೂ 2025ರಲ್ಲಿ ಅಟ್ಟದಲ್ಲೂ ಕಂಡಿತು, ರೇಟಿನ ರೂಪದಲ್ಲಿ ಪೇಪರಿನಲ್ಲೂ ಬಂತು. ಆದರೆ ಅದೇ ಮಳೆಗಾಲದಲ್ಲಿ, ನೀರಿಲ್ಲದೆ ಬಾಯಾರಿದ್ದ ಸುಳಿಯೊಳಗೆ ಹೊಸದಾಗಿ ಕಟ್ಟಿದ ಹೊಂಬಾಳೆಗಳಿದ್ದವಲ್ಲ, ಅವು ಒಡೆಯುವುದು 2026ರ ಮೊದಲ ತಿಂಗಳುಗಳಲ್ಲಿ. ಕಾಯಾಗಿ ಬಲಿಯುವುದು 2027ರಲ್ಲಿ. ಕೊಬ್ಬರಿಯಾಗಿ ಟೆಂಡರಿಗೆ ಬರುವುದು 2028ರ ಆಸುಪಾಸಿನಲ್ಲಿ. ಬರ ಮುಗಿಯಿತು, ಕೆರೆಗೆ ನೀರು ಬಂತು ಅಂತ ನಾವು ನಿರಾಳವಾಗಿದ್ದೇವೆ. ಮರದ ಮಟ್ಟಿಗೆ ಅದು ಇನ್ನೂ ಮುಗಿದಿಲ್ಲ.

ಇದನ್ನು ನಂಬದವರು ತೋಟಕ್ಕೆ ಹೋಗಿ ಒಂದು ಹಳೆಯ ಮರದ ಮುಂದೆ ನಿಂತು ಕಾಂಡವನ್ನು ಕೆಳಗಿನಿಂದ ಮೇಲಕ್ಕೆ ನೋಡಿ. ಉದುರಿದ ಒಂದೊಂದು ಗರಿಯೂ ಒಂದು ಉಂಗುರದ ಗುರುತು ಬಿಟ್ಟಿರುತ್ತದೆ. ಒಳ್ಳೆಯ ಮಳೆಯ ವರ್ಷಗಳಲ್ಲಿ ಉಂಗುರದಿಂದ ಉಂಗುರಕ್ಕೆ ಅಂತರ ಹೆಚ್ಚು, ಕಾಂಡವೂ ದಪ್ಪ. ಬರದ ವರ್ಷಗಳಲ್ಲಿ ಉಂಗುರಗಳು ಒತ್ತೊತ್ತಾಗಿ ಕೂತು ಕಾಂಡ ಸಣ್ಣದಾಗಿರುತ್ತದೆ. ನಮ್ಮ ಮನೆಗಳಲ್ಲಿ ಹಿರಿಯರು ಬರೆದಿಡದ ಜಮಾಖರ್ಚಿನ ಪುಸ್ತಕ ಅದು. ಸುಳಿಯ ಹತ್ತಿರ ಬಂದಂತೆ ಕಾಂಡ ಪೆನ್ಸಿಲಿನ ಹಾಗೆ ಮೊನಚಾಗುತ್ತಿದ್ದರೆ ಆ ಮರ ಈಗಲೂ ಸಂಕಟದಲ್ಲಿದೆ ಅಂತ ಅರ್ಥ. ಅಂಥ ಮರಗಳು ನಿಮ್ಮಲ್ಲಿ ಎಷ್ಟಿವೆ, ಬರೀ ಗೂಟವಾಗಿ ನಿಂತವು ಎಷ್ಟು, ಎಣಿಸಿ ಬರೆದಿಟ್ಟುಕೊಳ್ಳಿ. ಎಷ್ಟೋ ಮನೆಗಳಲ್ಲಿ ನೂರು ಮರ ಅಂತ ಬಾಯಲ್ಲಿ ಹೇಳುತ್ತಾರೆ. ಬಿಡುವ ಮರ ಅರವತ್ತೂ ಇರುವುದಿಲ್ಲ.

ಹಾಗಾದರೆ ಈ ವರ್ಷದ ದುಡ್ಡು ಮೊದಲು ಹೋಗಬೇಕಾದದ್ದು ಮರದ ಬುಡಕ್ಕೆ. ಈಗ ಹಾಕಿದ ಗೊಬ್ಬರ, ಈಗ ಇಂಗಿಸಿದ ನೀರು ಪೂರ್ತಿ ಫಲವಾಗಿ ಕೈಗೆ ಬರುವುದಕ್ಕೆ ನಾಲ್ಕೂವರೆ ವರ್ಷ ಬೇಕು. ಅಷ್ಟರಲ್ಲಿ ರೇಟು ಏನಾಗಿರುತ್ತದೋ ದೇವರೇ ಬಲ್ಲ. ಇಪ್ಪತ್ತು ಸಾವಿರ ಇದ್ದಾಗ ಕೊಬ್ಬರಿ ಇಲ್ಲದವರಾದೆವು. ಎಂಟು ಸಾವಿರಕ್ಕೆ ಬಿದ್ದಾಗಲಾದರೂ ಎರಡು ಪಟ್ಟು ಕೊಬ್ಬರಿ ಇರಲಿ.

ನೀರಿನ ಮಾತು. ಬೋರು ಕೊರೆಸಬೇಡಿ ಅಂದರೆ ಕೇಳುವವರಿಲ್ಲ ಅಂತ ಗೊತ್ತು. ಆದರೂ ಕೊರೆಸುವ ಮುನ್ನ ಅಕ್ಕಪಕ್ಕದ ನಾಲ್ಕು ಹೊಲದವರನ್ನು ಕೇಳಿ: ಎಷ್ಟು ಬೋರು ತೆಗೆಸಿದಿರಿ, ಎಷ್ಟರಲ್ಲಿ ನೀರಿದೆ, ಎಷ್ಟು ಅಡಿಗೆ ಸಿಕ್ಕಿತು, ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡುತ್ತದೆ? ಸಾವಿರ ಅಡಿ ಇಳಿದರೂ ಧೂಳು ಕಂಡವರು ನಮ್ಮ ಸೀಮೆಯಲ್ಲಿ ಕಡಿಮೆ ಇಲ್ಲ. ಕೇಸಿಂಗು, ಮೋಟರು, ಕೇಬಲ್ಲು, ಪೈಪು ಸೇರಿ ಲಕ್ಷಗಳು ಒಂದೇ ಬೆಳಗಿನಲ್ಲಿ ಭೂಮಿಯೊಳಗೆ ಇಳಿಯುತ್ತವೆ. (ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟು ತೋರಿಸುವವರಿಗೆ ನಾವು ಕೊಡುವ ಮರ್ಯಾದೆಯಲ್ಲಿ ಅರ್ಧ ಆ ಕಾಯಿ ಬಿಟ್ಟ ಮರಕ್ಕೆ ಕೊಟ್ಟಿದ್ದರೂ ಸಾಕಿತ್ತು.) ಹೇಮಾವತಿ ನಾಲೆ ಹತ್ತಿರವಿರುವವರ ಮಾತು ಬೇರೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಸಿಕ್ಕಿದೆ. ನೀರು ನಮ್ಮೂರ ಕೆರೆಗೆ ಬಂದ ದಿನ ಬಾಗಿನ ಕೊಡೋಣ, ಅಲ್ಲಿಯವರೆಗೆ ಆ ನೀರಿನ ಮೇಲೆ ಮನೆಯ ಲೆಕ್ಕ ಕಟ್ಟುವುದು ಬೇಡ.

ನಮ್ಮ ಕೈಯಲ್ಲೇ ಇರುವ ಒಂದು ಕೆಲಸ ಇದೆ, ಈಗ ಅದನ್ನು ಮರೆತಂತಿದ್ದೇವೆ. ಕಾಯಿ ಸುಲಿದ ಸಿಪ್ಪೆ. ಮೊದಲೆಲ್ಲ ಅದು ಹಿತ್ತಲಲ್ಲಿ ಬಿದ್ದಿರುತ್ತಿತ್ತು, ಒಲೆಗೆ ಹೋಗುತ್ತಿತ್ತು. ಈಗ ನಾರಿನ ಫ್ಯಾಕ್ಟರಿಯ ಲಾರಿ ಬಾಗಿಲಿಗೇ ಬಂದು ತುಂಬಿಕೊಂಡು ಹೋಗುತ್ತದೆ, ಕೈಗೊಂದಿಷ್ಟು ಚಿಲ್ಲರೆ ಕೊಟ್ಟು. ಆ ಸಿಪ್ಪೆ ತನ್ನ ತೂಕದ ಮೂರರಿಂದ ಐದು ಪಟ್ಟು ನೀರು ಹಿಡಿದಿಟ್ಟುಕೊಳ್ಳುತ್ತದೆ. ಮರದ ಬುಡದಿಂದ ಆರು ಅಡಿ ಆಚೆ ಒಂದೂವರೆ ಅಡಿ ಆಳದ ಕಾಲುವೆ ತೆಗೆದು, ಸಿಪ್ಪೆಯ ಒಳಮೈ ಮೇಲಕ್ಕೆ ಬರುವಂತೆ ಜೋಡಿಸಿ, ಒಂದು ವರಸೆ ಸಿಪ್ಪೆ ಒಂದು ವರಸೆ ಮಣ್ಣು ಅಂತ ಮುಚ್ಚಿದರೆ ಐದಾರು ವರ್ಷ ಅದು ಕೆಲಸ ಮಾಡುತ್ತದೆ. ಮುಂಗಾರು ಶುರುವಾಗುವಾಗ ಮಾಡಬೇಕು. ಭರಣಿಯಲ್ಲೋ ಕೃತ್ತಿಕೆಯಲ್ಲೋ ಬಿದ್ದ ಒಂದು ಜೋರು ಮಳೆ ಅಲ್ಲೇ ಉಳಿಯುತ್ತದೆ. ಸಿಪ್ಪೆಯಲ್ಲಿ ಪೊಟ್ಯಾಷ್ ಅಂಶವೂ ಇದೆ, ತೆಂಗಿಗೆ ಅದು ಬೇಕೇ ಬೇಕು. ಕೆಲಸಕ್ಕೆ ಆಳು ಸಿಗುವುದಿಲ್ಲ ಅನ್ನುತ್ತೀರಿ, ನಿಜ. ಎಲ್ಲ ಮರಕ್ಕೂ ಒಂದೇ ವರ್ಷ ಮಾಡಬೇಕಾಗಿಲ್ಲ. ಬದುವಿನ ಕಡೆಯ ಒಂದು ಸಾಲು ಈ ವರ್ಷ, ಮುಂದಿನ ಸಾಲು ಮುಂದಿನ ವರ್ಷ. ಬಾಕಿ ಬದು ಸರಿಮಾಡಿಕೊಳ್ಳುವುದು, ಕೃಷಿಹೊಂಡ, ಸೆಣಬು ಬಿತ್ತಿ ಮಗುಚುವುದು, ಗರಿಯನ್ನು ಸುಡದೆ ಪಾತಿಗೆ ಹಾಸುವುದು ನಿಮಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಮಾಡದೆ ಇರುವುದಕ್ಕೆ ದುಡ್ಡಿಲ್ಲ ಅನ್ನುವ ನೆಪವಿತ್ತು. ಈ ವರ್ಷ, ಬಂದದ್ದು ಕಡಿಮೆಯೇ ಆದರೂ, ಆ ನೆಪ ಬೇಡ.

ಅಡಿಕೆ ಬಗ್ಗೆ ಎರಡೇ ಮಾತು. ನಮ್ಮ ಮಳೆ ಆರೇಳುನೂರು ಮಿಲಿಮೀಟರು. ಅಡಿಕೆ ಬೇಸಿಗೆಯಲ್ಲಿ ವಾರ ತಪ್ಪಿದರೆ ಮುಖ ಬಾಡಿಸುವ ಗಿಡ. ಅದು ಹುಟ್ಟಿ ಬೆಳೆದ ಮಲೆನಾಡಿನಲ್ಲೇ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗಕ್ಕೆ ಜನ ಕಂಗಾಲಾಗಿದ್ದಾರೆ. ಅಡಿಕೆ ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ನಿಷೇಧದ ಆ ಕತ್ತಿ ಎಂದು ಇಳಿಯುತ್ತದೋ ಯಾರಿಗೂ ಗೊತ್ತಿಲ್ಲ. ಹಾಕಿರುವವರು ಹಾಕಿದ್ದೀರಿ, ಕಿತ್ತುಹಾಕಿ ಅನ್ನುವುದಿಲ್ಲ. ಆದರೆ ಬರ ಬಂದರೂ ಹಟ ಹಿಡಿದು ನಿಲ್ಲುವ ತಿಪಟೂರು ತಳಿಯ ತೆಂಗನ್ನು ಕಡಿದು, ವಾರವಾರವೂ ನೀರು ಕೇಳುವುದನ್ನು ಸಾಲ ಮಾಡಿ ನೆಡುವುದಕ್ಕೆ ತಯಾರಿ ಅಂತ ಹೆಸರಿಡಬೇಡಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ತೋಟದ ಕೆಲಸ, ಗಂಡಸರು ತಲೆಯಾಡಿಸಿಕೊಂಡು ಓದಿರುತ್ತೀರಿ. ಇನ್ನು ಮನೆಯೊಳಗಿನ ಮಾತು. ಇದನ್ನು ದಯವಿಟ್ಟು ಮನೆಯ ಹೆಂಗಸರಿಗೂ ಓದಿ ಹೇಳಿ. ಅವರೇ ಓದಿ ನಿಮಗೆ ಹೇಳಿದರೆ ಇನ್ನೂ ಒಳ್ಳೆಯದು.

ಒಂದು ಸಂಜೆ ಟ್ರಂಕು ತೆಗೆದು ಕಾಗದಗಳನ್ನು ಚಾಪೆ ಮೇಲೆ ಹರಡಿ. ಪಹಣಿ ಯಾರ ಹೆಸರಿನಲ್ಲಿದೆ ನೋಡಿ. ಎಷ್ಟೋ ಮನೆಗಳಲ್ಲಿ ಅದು ಇನ್ನೂ ತಾತನ ಹೆಸರಿನಲ್ಲಿದೆ; ತಾತ ತೀರಿ ಇಪ್ಪತ್ತು ವರ್ಷ, ಅಪ್ಪ ತೀರಿ ಐದು ವರ್ಷ, ಉಳುತ್ತಿರುವವನು ಮೊಮ್ಮಗ. ನಡೆದುಕೊಂಡು ಹೋಗುತ್ತಿದೆ ಅಂತ ಬಿಟ್ಟಿದ್ದೀರಿ. ಅದು ನಡೆಯುವುದು ಕಷ್ಟ ಬರುವವರೆಗೆ ಮಾತ್ರ. ಬೆಂಬಲ ಬೆಲೆಗೆ ಕೊಬ್ಬರಿ ಕೊಡಬೇಕಾದರೆ ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ಬೇಕು, ಎಫ್‌ಐಡಿಗೆ ನಿಮ್ಮ ಹೆಸರಿನ ಪಹಣಿ ಜೋಡಣೆಯಾಗಿರಬೇಕು. ಬರ ಪರಿಹಾರ ಬಂದದ್ದೂ ಅದೇ ದಾರಿಯಲ್ಲಿ. ಸೊಸೈಟಿಯಲ್ಲಿ ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಸಾಲ ಅಂತ 2023ರಿಂದ ಹೇಳುತ್ತಿದ್ದಾರೆ, ಅದಕ್ಕೂ ಪಹಣಿ. ತಾತನ ಹೆಸರು ಇಟ್ಟುಕೊಂಡು ಇದ್ಯಾವುದರ ಬಾಗಿಲಿಗೂ ಹೋಗಲಾಗುವುದಿಲ್ಲ. ಆಗ ಉಳಿಯುವ ಬಾಗಿಲು ಬಡ್ಡಿಯವನದು. ವಂಶವೃಕ್ಷ, ಮರಣ ಪತ್ರ ಸೇರಿಸಿ ಪೌತಿ ಖಾತೆ ಮಾಡಿಸುವ ಕೆಲಸ ಈ ವರ್ಷವೇ ಆಗಲಿ. ಕಂದಾಯ ಇಲಾಖೆ ಇ-ಪೌತಿ ಅಂತ ಆಂದೋಲನವನ್ನೇ ಶುರುಮಾಡಿದೆ. ಗ್ರಾಮ ಆಡಳಿತಾಧಿಕಾರಿ ಊರಿಗೆ ಬಂದ ದಿನ ಅಣ್ಣತಮ್ಮಂದಿರು ಜಗಳವಾಡಿಕೊಂಡು ಕೂರಬೇಡಿ.

ಜಗಳ ಅಂದಾಗ ನೆನಪಾಯಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಅಂತ ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂತು, ಇಡೀ ದೇಶಕ್ಕೆ 2005ರಲ್ಲಿ. ಅಪ್ಪ ಬದುಕಿದ್ದರೂ ಇಲ್ಲದಿದ್ದರೂ ಮಗಳಿಗೆ ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ನಮ್ಮಲ್ಲಿ ಈಗಲೂ ನಡೆಯುವುದು ಏನು? ಗೌರಿ ಹಬ್ಬಕ್ಕೆ ಬಾಗಿನ, ಸೀರೆ, ಮಧ್ಯಾಹ್ನದ ಊಟ, ಸಂಜೆ ಹೊರಡುವಾಗ "ಇಲ್ಲೊಂದು ಸೈನ್ ಹಾಕವ್ವ." ಅಕ್ಕತಂಗಿಯರಿಗೆ ಕೊಡುತ್ತೀರೋ, ಬಿಟ್ಟುಕೊಡಿ ಅಂತ ಕೇಳುತ್ತೀರೋ, ಅದು ನಿಮ್ಮ ನಿಮ್ಮ ಮನೆಯ ಧರ್ಮಕ್ಕೆ ಬಿಟ್ಟದ್ದು. ಆದರೆ ಕೂರಿಸಿ, ಕಾಗದ ಓದಿ ಹೇಳಿ, ಒಪ್ಪಿಸಿ ಮಾಡಿ. ಈಗ ಮುಚ್ಚಿಟ್ಟದ್ದು ಹತ್ತು ವರ್ಷದ ಮೇಲೆ ಕೋರ್ಟಿನ ನೋಟಿಸಾಗಿ ಬರುತ್ತದೆ. ಕೇಸು ಬಿದ್ದ ತೋಟಕ್ಕೆ ಗೊಬ್ಬರ ಹಾಕುವವರು ಯಾರು?

ಆಮೇಲೆ ಸಾಲ. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆಯಿರಿ: ಸೊಸೈಟಿ, ಬ್ಯಾಂಕು, ಒಡವೆ ಮೇಲಿನದು, ಹೆಂಗಸರ ಸಂಘದ್ದು, ಮಂಡಿಯ ಮುಂಗಡ, ಬೀಗರ ಹತ್ತಿರ ಬಾಯಿಮಾತಿನಲ್ಲಿ ತಂದದ್ದು. ಗಂಡ ತಂದ ಕೈಸಾಲ ಹೆಂಡತಿಗೆ ಗೊತ್ತಿಲ್ಲ, ಹೆಂಡತಿ ಸಂಘದಲ್ಲಿ ಎತ್ತಿ ಮಗಳ ಫೀಸು ಕಟ್ಟಿದ್ದು ಗಂಡನಿಗೆ ಗೊತ್ತಿಲ್ಲ, ಬೆಂಗಳೂರಿನಲ್ಲಿ ದುಡಿಯುವ ಮಗ ಮೊಬೈಲಿನಲ್ಲೇ ಎತ್ತಿದ್ದು ಇಬ್ಬರಿಗೂ ಗೊತ್ತಿಲ್ಲ. ಮೂವರೂ ಒಬ್ಬರಿಗೊಬ್ಬರು ನೋವಾಗಬಾರದು ಅಂತಲೇ ಮುಚ್ಚಿಟ್ಟಿರುತ್ತಾರೆ. ನಮ್ಮ ಕಡೆ ತೋಟದಲ್ಲೇ ಜೀವ ಕಳೆದುಕೊಂಡವರ ಮನೆಗೆ ಹೋಗಿ ಕೂತಾಗ ಆ ಹೆಂಗಸರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: "ಇಷ್ಟೇ ಸಾಲಕ್ಕಾ? ನಂಗೆ ಹೇಳಿದ್ರೆ ಸರ ಕೊಡ್ತಿರಲಿಲ್ವಾ?" ಇದಕ್ಕಿಂತ ದೊಡ್ಡ ಕಾರಣ ಬೇಕೆ ಆ ನೋಟ್‌ಬುಕ್ಕಿಗೆ? ಬರೆದ ಮೇಲೆ ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸಿ. ಒಡವೆ ಬಿಡಿಸಿಕೊಂಡು ಮನೆಗೆ ತನ್ನಿ. ರೇಟು ಇರುವಾಗ ಬಿಡಿಸಿದ ಸರವೇ ರೇಟು ಬಿದ್ದಾಗ ಮತ್ತೆ ಅಡವಿಡಲು ಸಿಗುವುದು.

ಮಂಡಿಯ ಮುಂಗಡದ ಬಗ್ಗೆ ಒಂದು ಮಾತು. ಮಂಡಿಯವರು ಕೆಟ್ಟವರಲ್ಲ, ಆಸ್ಪತ್ರೆ ಖರ್ಚಿಗೆ ರಾತ್ರಿ ಹತ್ತಕ್ಕೂ ದುಡ್ಡು ಕೊಟ್ಟವರಿದ್ದಾರೆ. ಆದರೆ ಮುಂಗಡ ಇರುವವರೆಗೆ ಕೊಬ್ಬರಿ ಯಾವಾಗ ಸುಲಿಸಬೇಕು, ಯಾರಿಗೆ ಕೊಡಬೇಕು ಅನ್ನುವುದು ನಮ್ಮ ಕೈಯಲ್ಲಿರುವುದಿಲ್ಲ. ನಮ್ಮ ಬೆಳೆಗೆ ಇರುವ ದೊಡ್ಡ ಗುಣವೇ ಅದು ಅಟ್ಟದ ಮೇಲೆ ಕಾಯಬಲ್ಲದು ಅನ್ನುವುದು. ಟೊಮೇಟೊ ಬೆಳೆಯುವವರಿಗೆ ಆ ಭಾಗ್ಯವಿಲ್ಲ. ಆ ಗುಣವನ್ನು ಮುಂಗಡಕ್ಕೆ ಮಾರಿಕೊಳ್ಳಬಾರದು. ಇರುವ ಕಾಯನ್ನು ಒಂದೇ ಸಲ ಸುಲಿಸದೆ ಮೂರು ನಾಲ್ಕು ಕಂತಿನಲ್ಲಿ ಮಾರಿ. ಹೆಚ್ಚಿನ ರೇಟಿಗೇ ಎಲ್ಲವನ್ನೂ ಕೊಡಬೇಕೆಂಬ ಆಸೆ ಬಿಟ್ಟರೆ ಕಡಿಮೆ ರೇಟಿಗೆ ಎಲ್ಲವೂ ಹೋಗುವ ಭಯವೂ ಇರುವುದಿಲ್ಲ. ವಿಮೆಯನ್ನು ನಂಬಿ ಕೂರುವ ಹಾಗೂ ಇಲ್ಲ: ತೆಂಗು ಅಭಿವೃದ್ಧಿ ಮಂಡಳಿಯ ಮರ ವಿಮೆಯಲ್ಲಿ 16ರಿಂದ 60 ವರ್ಷದ ಒಂದು ಮರಕ್ಕೆ ಕಟ್ಟಿದ ಬೆಲೆ 1,750 ರೂಪಾಯಿ. ಕಂತು ತೀರ ಕಡಿಮೆ, ಮಾಡಿಸಿಕೊಂಡರೆ ನಷ್ಟವಿಲ್ಲ. ಸತ್ತ ಮರದ ಬುಡ ಕೀಳಿಸುವ ಕೂಲಿಗಾದರೂ ಆದೀತು.

ಊಟದ ವಿಚಾರಕ್ಕೆ ಬರುತ್ತೇನೆ. ತೆಂಗು ನಮ್ಮ ಹೊಟ್ಟೆ ತುಂಬಿಸಿದ ಬೆಳೆ ಎಂದೂ ಅಲ್ಲ. ಹೊಟ್ಟೆ ತುಂಬಿಸಿದ್ದು ರಾಗಿ, ಅದರ ಅಕ್ಕಡಿ ಸಾಲಿನ ಅವರೆ, ತೊಗರಿ, ಅಲಸಂದೆ, ಮುಂಗಾರಿಗೂ ಮೊದಲೇ ಬಿತ್ತುತ್ತಿದ್ದ ಹೆಸರು. ತೋಟ ಹೊಲದೊಳಕ್ಕೆ ಹಬ್ಬುತ್ತಾ ಹಬ್ಬುತ್ತಾ ರಾಗಿಗೆ ಜಾಗ ಇಲ್ಲವಾಯಿತು. ಈಗ ಮುದ್ದೆಗೂ ಅಂಗಡಿ ಹಿಟ್ಟು. ಒಂದು ಎಕರೆಯಾದರೂ ಹೊಲವಾಗಿ ಉಳಿಸಿಕೊಳ್ಳಿ. ಹುಳ ಹಿಡಿಯದೆ ವರ್ಷಗಟ್ಟಲೆ ಉಳಿಯುವ ಕಾಳು ರಾಗಿ. ಹಗೇವಿನ ಕಾಲ ಹೋದರೂ ಮೂಟೆ ಇಡಲು ಮನೆಯಲ್ಲಿ ಜಾಗ ಇದ್ದೇ ಇರುತ್ತದೆ. ಹೆಚ್ಚಾದರೆ ಕೊಡಲು ಖರೀದಿ ಕೇಂದ್ರವಿದೆ, 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ ಇತ್ತು. ರಾಗಿ ಹುಲ್ಲು ಇದ್ದರೆ ಎರಡು ಹಸು. ಹಸು ಇದ್ದರೆ ಡೈರಿಯ ಬಟವಾಡೆ. 2023ರಲ್ಲಿ ಎಷ್ಟು ಮನೆಗಳ ಒಲೆ ಉರಿದದ್ದು ಆ ಬಟವಾಡೆಯಿಂದ ಅಂತ ನೆನಪು ಮಾಡಿಕೊಳ್ಳಿ. ಹಾಲಿನ ದುಡ್ಡನ್ನು ಗಂಡಸರು ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದರೆ ದಿನಸಿ ಅಂಗಡಿಯ ಸಾಲ ತೀರುವುದು ಅದರಲ್ಲೇ.

ಮಕ್ಕಳ ಬಗ್ಗೆ ನನಗಿರುವ ತಕರಾರು ನಮ್ಮ ಮೇಲೆಯೇ. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗುವ ಹುಡುಗರನ್ನು ತಡೆಯಬೇಕು ಅನ್ನುವುದಿಲ್ಲ. ಹೊರಗಿನ ಒಂದು ಸಂಬಳ ತೋಟಕ್ಕೆ ಯಾವ ಬೋರಿಗಿಂತ ಭದ್ರವಾದ ನೀರು. ಆದರೆ ತೋಟ ನೋಡಿಕೊಳ್ಳುತ್ತೇನೆ ಅಂತ ಉಳಿದ ಹುಡುಗನನ್ನು ಮನೆಯಲ್ಲೇ ದಡ್ಡನ ಲೆಕ್ಕಕ್ಕೆ ಇಟ್ಟಿದ್ದೇವೆ. ಅವನಿಗೆ ಸಂಬಳವಿಲ್ಲ, ಸಹಿ ಮಾಡುವ ಅಧಿಕಾರವಿಲ್ಲ, ಪಹಣಿಯಲ್ಲಿ ಹೆಸರಿಲ್ಲ. ಐವತ್ತು ರೂಪಾಯಿಗೂ ಅಪ್ಪನ ಜೇಬು ನೋಡಬೇಕು. ಆಮೇಲೆ ಅವನಿಗೆ ಹೆಣ್ಣು ಸಿಗುತ್ತಿಲ್ಲ ಅಂತ ಜೋಯಿಸರ ಮನೆಗೆ ಅಲೆಯುತ್ತೇವೆ. ಯಾರು ಕೊಡುತ್ತಾರೆ? ನಾವೇ ನಮ್ಮ ಮಗಳನ್ನು ತೋಟದ ಹುಡುಗನಿಗೆ ಕೊಡಲು ಒಪ್ಪಿದ್ದೇವೆಯೇ? ಒಂದು ಭಾಗದ ತೋಟವನ್ನು ಅವನ ಹೆಸರಿಗೆ, ಅವನ ಲೆಕ್ಕಕ್ಕೆ, ಅವನ ತೀರ್ಮಾನಕ್ಕೆ ಈಗಲೇ ಬಿಟ್ಟುಕೊಡಿ. ಹುರಿಗಾಳು ಮಾಡಿ ಮಾರುತ್ತಾನೋ, ನೀರಾ ಇಳಿಸುತ್ತಾನೋ, ಕೊಕೊ ನೆಡುತ್ತಾನೋ, ಕೆಡಿಸುತ್ತಾನೋ, ನೋಡೋಣ. ನೀವು ಗಟ್ಟಿಯಾಗಿರುವಾಗ ಅವನು ಕೆಡಿಸಿದರೆ ಸರಿಮಾಡಬಹುದು. ಎಪ್ಪತ್ತೈದು ವರ್ಷಕ್ಕೆ ನೀವು ಬೀಗದ ಕೈ ಕೊಟ್ಟಾಗ ಅವನಿಗೆ ಐವತ್ತು ಆಗಿರುತ್ತದೆ.

ರೋಗದ ವಿಷಯ ಹೆಚ್ಚು ಬರೆಯುವುದಿಲ್ಲ, ನನಗಿಂತ ಬಲ್ಲವರು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿದ್ದಾರೆ. ಬಿಳಿ ನೊಣಕ್ಕೆ ಅಂತ ಸಿಕ್ಕಸಿಕ್ಕ ಔಷಧಿ ಹೊಡೆದರೆ ಅದನ್ನು ತಿನ್ನುವ ಪರತಂತ್ರ ಜೀವಿಯೂ ಸಾಯುತ್ತದೆ ಅಂತ ಅವರು ಹೇಳುತ್ತಲೇ ಬಂದಿದ್ದಾರೆ, ನಾವು ಹೊಡೆಯುತ್ತಲೇ ಬಂದಿದ್ದೇವೆ. ಅಷ್ಟು ಹೇಳಿ ಬಿಡುತ್ತೇನೆ. ಇಪ್ಪತ್ತೈದು ವರ್ಷದ ಕೆಳಗೆ ನುಸಿ ಬಂದಾಗಲೂ ತೆಂಗಿನ ಕಥೆ ಮುಗಿಯಿತು ಅಂದಿದ್ದರು. ಮುಗಿಯಲಿಲ್ಲ, ಕಾಯಿ ಸಣ್ಣದಾಯಿತು, ನಾವು ಹೊಂದಿಕೊಂಡೆವು.

ಕೊನೆಯದಾಗಿ ಸಸಿ. ಗೂಟವಾಗಿ ನಿಂತ ಮರಗಳನ್ನು ಎಣಿಸಿ ಅಂದೆನಲ್ಲ, ಆ ಜಾಗಕ್ಕೆ ಹೊಸದು ಬೇಕು. ನೆಟ್ಟ ಸಸಿ ಹೊಂಬಾಳೆ ಒಡೆಯಲು ಆರೇಳು ವರ್ಷ, ಆಮೇಲೆ ಅರವತ್ತು ಎಪ್ಪತ್ತು ವರ್ಷ ಅದು ಅಲ್ಲೇ ನಿಂತಿರುತ್ತದೆ. ಇಷ್ಟು ದೀರ್ಘ ಕಾಲದ ತೀರ್ಮಾನವನ್ನು ಸಂತೆಯಲ್ಲಿ ವ್ಯಾನಿನಿಂದ ಇಳಿಸಿ ಮಾರುವ, ತಾಯಿ ಯಾರೋ ತಿಳಿಯದ ಸಸಿಗೆ ಒಪ್ಪಿಸಬೇಡಿ. ನಿಮ್ಮ ಹೋಬಳಿಯಲ್ಲೇ 2023ರ ಬರವನ್ನು ಬಗ್ಗದೆ ದಾಟಿದ ಮರಗಳಿವೆ. ಸುಳಿಯ ಸುತ್ತ ಛತ್ರಿಯ ಹಾಗೆ ಮೂವತ್ತಕ್ಕೂ ಹೆಚ್ಚು ಗರಿ, ಗಿಡ್ಡ ದಪ್ಪ ಕಾವಿನ ಗೊನೆ, ವರ್ಷಾ ವರ್ಷ ತಪ್ಪದೆ ಎಂಬತ್ತಕ್ಕೆ ಕಡಿಮೆಯಿಲ್ಲದ ಕಾಯಿ, ಇಪ್ಪತ್ತು ವರ್ಷ ದಾಟಿದ ವಯಸ್ಸು. ಅಂಥ ಮರದ ಬಲಿತ ಕಾಯನ್ನು ಬೇಸಿಗೆಯಲ್ಲಿ ಹಗ್ಗ ಕಟ್ಟಿ ಇಳಿಸಿ, ಬೀಳಿಸಬೇಡಿ. ಮಡಿಗೆ ಹಾಕಿದ ಮೇಲೆ ಐದು ತಿಂಗಳೊಳಗೆ ಮೊಳೆತದ್ದನ್ನು ಮಾತ್ರ ಉಳಿಸಿಕೊಂಡು ತಡವಾದದ್ದನ್ನು ಮುಲಾಜಿಲ್ಲದೆ ತೆಗೆಯಿರಿ. ಊರಿನ ನಾಲ್ಕೈದು ಮನೆಯವರು ಸೇರಿ ಒಂದೇ ಮಡಿ ಮಾಡಿಕೊಂಡರೆ ನೀರು ಹಾಕುವ ಕೆಲಸ ಹಂಚಿಹೋಗುತ್ತದೆ, ಗುರುತಿಸಿದ ತಾಯಿಮರಗಳ ಕಾಯಿಯೂ ಎಲ್ಲರಿಗೂ ಸಿಗುತ್ತದೆ. ನಮ್ಮ ಬೀದಿಯ ಕೆಲವು ಮನೆಯವರು ಈ ಬೇಸಿಗೆಗೆ ಹಾಗೆ ಮಾಡುವುದು ಅಂತ ಮಾತಾಡಿಕೊಂಡಿದ್ದೇವೆ. ಮರಗಳಿಗೆ ಸುಣ್ಣದ ಗುರುತು ಹಾಕಿದ್ದಾಗಿದೆ. ಕಾಯಿ ಇಳಿಸಲು ಹಗ್ಗ ಹಿಡಿದು ಹತ್ತುವವನನ್ನು ಹುಡುಕುವುದೊಂದು ಬಾಕಿ.

ಇಂತಿ,
ನಿಮ್ಮ ಸೀಮೆಯವಳೇ ಆದ ಒಬ್ಬ ತೋಟಗಾರ್ತಿ